ಎರಡು ಮೀಟರಿನ ಬಂಗಾರ

ತಾಮ್ರವನ್ನು ನಾನು ಕಿಲೋ ಲೆಕ್ಕದಲ್ಲಿ ಬಲ್ಲೆ.
ಹಟ್ಟಿ ಕ್ಯಾಂಪಿನ ಬಸ್‌ಸ್ಟ್ಯಾಂಡಿನ ಹಿಂದೆ ನನ್ನ ಅಂಗಡಿ;
ಸುಟ್ಟ ಮೋಟಾರು ಬಿಚ್ಚಿ, ಕರಕಾದ ಸುರುಳಿ ಕಿತ್ತು
ಹೊಸತು ಸುತ್ತುವುದು ಇಪ್ಪತ್ತಾರು ವರ್ಷದ ಕಸುಬು.
ಬೋರಿನ ನೀರು ಮೇಲೆ ಬಂದರೆ ವೈರು ಒಳ್ಳೆಯದು,
ಬರದಿದ್ದರೆ ಗಿರಾಕಿ ಬರುತ್ತಾನೆ.
ಇಷ್ಟೇ ನನ್ನ ಶಾಸ್ತ್ರ.

ಸೂಗೂರಯ್ಯನವರು ಕರೆಸಿದ್ದು ಮೇ ತಿಂಗಳ ಒಂದು ಭಾನುವಾರ.
ಗಣಿಯ ಲ್ಯಾಬಿನಲ್ಲಿ ಮೂವತ್ತೊಂದು ವರ್ಷ
ಕಲ್ಲಿನ ಹಿಟ್ಟನ್ನು ಕುಲುಮೆಗಿಟ್ಟು ಬಂಗಾರ ತೂಗಿದವರು,
ಕೆಳಗಿಳಿದವರ ಬೆವರಿಗೆ ದಶಮಾಂಶ ಹಾಕಿದವರು.
ನಿವೃತ್ತಿಯ ದುಡ್ಡಲ್ಲಿ ಒಂದು ಆಂಪ್ಲಿಫೈಯರು,
ಎದೆಯೆತ್ತರದ ಎರಡು ಸ್ಪೀಕರು,
ಈಗ ಮಕಮಲ್ಲಿನ ಡಬ್ಬಿಯಲ್ಲಿ
ತಾಳಿ ತಂದಂತೆ ತಂದ ಎರಡು ಮೀಟರ್ ಕೇಬಲ್ಲು.
ತುದಿಗೆ ಬಂಗಾರದ ನೀರು, ಮೈಗೆ ನಾಗರದ ಹೊದಿಕೆ,
ಸ್ವರ ಹರಿಯಬೇಕಾದ ದಿಕ್ಕಿಗೆ ಬಾಣದ ಗುರುತು ಬೇರೆ.
ಬೆಲೆ ಕೇಳಬಾರದಿತ್ತು. ಕೇಳಿದೆ.
ಅರವತ್ತೆರಡು ಸಾವಿರ.

"ಮುಂದಿನ ತಿಂಗಳ ಗ್ವಾಡಿ ಪ್ಲಗ್ಗಿಗೂ ಇಂಥಾದ್ದ ತರಸ್ತೀನಿ."
ನಾನು ಕಿಟಕಿಯಾಚೆ ಕೈ ತೋರಿಸಿದೆ.
ಶಕ್ತಿನಗರದಿಂದ ಇಲ್ಲಿಯವರೆಗೆ
ಹತ್ತಿ ಹೊಲದ ಮೇಲೆ, ಜಾಲಿಯ ಮೇಲೆ
ಕಾಗೆ ಕೂತು ಕೂತು ಜೋತ ಅಲ್ಯೂಮಿನಿಯಂ ತಂತಿ.
ಅಷ್ಟು ದೂರ ಅದರಲ್ಲೇ ನಡೆದು ಬಂದ ಕರೆಂಟು
ಕೊನೆಯ ಎರಡು ಮೀಟರಿಗೆ ಮಡಿ ಉಡುತ್ತದೆಯೇ?

"ಉಳಿದದ್ದು ನನ್ನ ಕೈಯಾಗ ಇಲ್ಲಪಾ," ಅಂದರು.
"ಎರಡು ಮೀಟರ್ ಅಷ್ಟ ಐತಿ."

ಇದಕ್ಕೆ ನನ್ನ ಹತ್ತಿರ ಉತ್ತರವಿರಲಿಲ್ಲ, ಈಗಲೂ ಇಲ್ಲ.

ಪರೀಕ್ಷೆ ಅವರೇ ಹೂಡಿದ್ದು.
"ಲ್ಯಾಬಿನ್ಯಾಗ ಸ್ಯಾಂಪಲ್ಲಿಗೆ ಹೆಸರು ಬರೀತಿದ್ದಿಲ್ಲ, ನಂಬರ್ ಅಷ್ಟ.
ಹೆಸರು ಗೊತ್ತಾದರ ತಕ್ಕಡಿ ಬಾಗತೈತಿ."
ಕಣ್ಣಿಗೆ ಟವೆಲ್ಲು ಬಿಗಿದುಕೊಂಡು ಕುರ್ಚಿಯಲ್ಲಿ ಕೂತರು.
ಸ್ಪೀಕರಿನ ಹಿಂದೆ ಮಂಡಿಯೂರಿ ನಾನು,
ಒಂದು ಕೈಯಲ್ಲಿ ಅರವತ್ತೆರಡು ಸಾವಿರ,
ಇನ್ನೊಂದರಲ್ಲಿ ಕೆಟ್ಟ ಕೂಲರಿನಿಂದ ಕತ್ತರಿಸಿ ತಂದ ವೈರು.
ಸಿದ್ದಲಿಂಗಮ್ಮ ಹಾಲಿನ ಲೆಕ್ಕದ ನೋಟ್‌ಬುಕ್ಕು ಹಿಡಿದು ಬಾಗಿಲಲ್ಲಿ.
ಸಪ್ಪಳ ಬೇಡವೆಂದು ಫ್ಯಾನು ಬಂದ್.
ನಲವತ್ತಮೂರು ಡಿಗ್ರಿ ಸೆಕೆ
ನಾಲ್ಕನೆಯವನಂತೆ ಒಳಗೆ ಬಂದು ಕೂತಿತು.

ಯಾರದೋ ಮನೆಯ ಪಡಸಾಲೆಯಲ್ಲಿ ಹಿಡಿದ ಹಳೆಯ ರೆಕಾರ್ಡು.
ತಂಬೂರಿ, ಆಮೇಲೆ ಮುದಿ ಗಂಟಲಿನ ಯಮನ್.
ಒಂದು. ಎರಡು. ಬದಲಿಸು. ಬದಲಿಸದೆ ಬದಲಿಸಿದ ಹಾಗೆ ಮಾಡು.
ನಾಲ್ಕನೆಯ ಸಲ ಅವರು ಕುರ್ಚಿಯ ಕೈ ಹಿಡಿದರು.
"ನಿಲ್ಲು! ತಂಬೂರಿ ಹಿಂದ ಬಳಿ ಸಪ್ಪಳ ಬಂತು.
ಯಾರೋ ಹೆಣ್ಮಗಳು ತಂಬೂರಿ ಕೈ ಬದಲಿಸ್ಯಾಳ.
ಇದ ನೋಡು ಬಂಗಾರ!"

ನನ್ನ ಕೈಯಲ್ಲಿದ್ದದ್ದು ಬಂಗಾರ.
ಹಾಡುತ್ತಿದ್ದದ್ದು ಕೂಲರ್.

ಬಳೆ ನನಗೂ ಕೇಳಿಸಿತ್ತು.

ಹತ್ತು ಮುಗಿದ ಮೇಲೆ ಟವೆಲ್ಲು ಬಿಚ್ಚಿ ತಾವೇ ಕೂಡಿಸಿದರು.
ಐದು ಸರಿ, ಐದು ತಪ್ಪು.
ಹಾಲಿನ ಲೆಕ್ಕದ ಕೆಳಗೆ ಲ್ಯಾಬಿನ ದುಂಡು ಅಕ್ಷರದಲ್ಲಿ
"ಬಂಗಾರ: ಪತ್ತೆಯಿಲ್ಲ" ಎಂದು ಬರೆದು ಸಹಿ, ತಾರೀಖು ಹಾಕಿದರು.
ಕೇಬಲ್ಲಿನ ತುದಿಯನ್ನು ಬೆಳಕಿಗೆ ಹಿಡಿದು,
"ಮನೀಗೆ ಬರೂ ಮುಂದ ಬೂಟಿನ ಧೂಳಿನ್ಯಾಗ
ಇದಕಿಂತ ಹೆಚ್ಚಿಗಿ ಬರತಿತ್ತು," ಎಂದು ನಕ್ಕರು,
ನಗು ಅರ್ಧಕ್ಕೆ ನಿಂತಿತು.
"ಹಂಗಾರ ಆ ಬಳಿ?"

ಸಿದ್ದಲಿಂಗಮ್ಮ ಪೆನ್ನಿನ ಮುಚ್ಚಳ ಹಾಕುತ್ತ ಹೇಳಿದಳು:
"ಅದು ಯಾವಾಗ್ಲೂ ಐತ್ರಿ. ಅಡಗಿಮನ್ಯಾಗ ನಾ ದಿನಾ ಕೇಳ್ತೀನಿ.
ನಿಮ್ಮ ತಲಿಮ್ಯಾಲೆ ಫ್ಯಾನು ತಿರಗತಿತ್ತು."

ಆಮೇಲೆ ಮಾತಿಲ್ಲ.
ಸಂಜೆ ಪಾಳಿಯ ಸ್ಫೋಟಕ್ಕೆ ನೆಲ ಒಮ್ಮೆ ಗುಡುಗಿ
ಕಪಾಟಿನ ಗ್ಲಾಸುಗಳು ತಾಗಿದವು.
ಅದಕ್ಕೆ ಯಾವ ಕೇಬಲ್ಲೂ ಬೇಕಿರಲಿಲ್ಲ.

"ಬಂಗಾರದ್ದ ಹಚ್ಚು," ಅಂದರು. "ಚೆಂದ ಕಾಣತೈತಿ."
ಹಚ್ಚಿದೆ. ಬಾಣ ಯಾವ ಕಡೆಗಿತ್ತೋ ನೋಡಲಿಲ್ಲ.
ಫ್ಯಾನು ಹಾಕಲು ಯಾರೂ ಏಳಲಿಲ್ಲ;
ಬೆವರುತ್ತ ಮೂವರೂ ಆ ಬಳೆಗಾಗಿ
ಇನ್ನೊಮ್ಮೆ ಕಾದು ಕೂತೆವು.

ಹೊರಡುವಾಗ ನನ್ನ ಕೂಲಿ ನೂರೈವತ್ತು ಎಂದೆ.
ಚೌಕಾಶಿ ಮಾಡಿ ನೂರಕ್ಕೆ ಇಳಿಸಿದರು.